ಸೊಂಟ ಹಿಡಿದು, ಭುಜ ಬಿಟ್ಟು

ಫೆಬ್ರವರಿ ೩, ಸೋಮವಾರ

ನಿನ್ನೆ ನಾನು ನನ್ನ ಹೆಂಡತಿಯನ್ನು ಕೆಡವಿದೆ. ಹೀಗೆ ಬರೆದರೆ ಕುಸ್ತಿಯ ವರದಿಯಂತೆ ಕಾಣುತ್ತದೆ. ನಡೆದದ್ದು ಮಂಚದಿಂದ ಕುರ್ಚಿಗೆ ವರ್ಗಾವಣೆ. ಮಂಚ ಬಿಟ್ಟಾಗಿತ್ತು, ಕುರ್ಚಿ ಇನ್ನೂ ಸಿಕ್ಕಿರಲಿಲ್ಲ, ಆ ನಡುವಿನ ಗಡಿಪ್ರದೇಶದಲ್ಲಿ ನನ್ನ ಸೊಂಟ ನೋಟೀಸು ಕೊಡದೆ ರಾಜೀನಾಮೆ ಕೊಟ್ಟಿತು. ಇಬ್ಬರೂ ನೆಲಕ್ಕೆ. ನಾನು ಕೆಳಗೆ, ಅವಳು ಮೇಲೆ.

“ಪೆಟ್ಟಾಯ್ತೇನೇ?”

“ಇಲ್ಲರೀ. ಹಾಸಿಗೆಗಿಂತ ನೀವೇ ಮೆತ್ತಗಿದೀರಿ.”

ನಕ್ಕೆವು. ನಗು ಮುಗಿದ ಮೇಲೂ ಏಳಲು ಬರಲಿಲ್ಲ. ಹಾಗೇ ಬಿದ್ದುಕೊಂಡು ಛಾವಣಿಯ ಬಣ್ಣ ಎಲ್ಲೆಲ್ಲಿ ಕಿತ್ತಿದೆ ಎಂದು ನೋಡುತ್ತಿರುವಾಗ ಬಾಗಿಲು ತೆರೆದುಕೊಂಡು ಅವಳ ಅಕ್ಕ ಬಂದರು. ನನಗೆ ಅತ್ತಿಗೆ. ಲೋಕದಲ್ಲಿ ಇಷ್ಟು ಜನ ಇದ್ದಾರೆ, ಆ ಹೊತ್ತಿಗೆ ಬರಲು ಬೇರೆ ಯಾರೂ ಇರಲಿಲ್ಲವೇ?

ಹೆಂಡತಿಗೆ ಸ್ನಾಯು ಒಣಗುವ ಕಾಯಿಲೆ. ಕಳೆದ ವರ್ಷ ಕಾಲು ಹೋಯಿತು, ಈಗ ಕೈ ನಿಧಾನವಾಗಿದೆ. ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಈ ವಿಷಯವನ್ನು ಇಲ್ಲಿ ಒಂದು ಸಲ ಬರೆದಿದ್ದೇನೆ, ಮತ್ತೆ ಬರೆಯುವುದಿಲ್ಲ.

ಅತ್ತಿಗೆ ನಮ್ಮಿಬ್ಬರನ್ನೂ ಎಬ್ಬಿಸಿ ಕೂರಿಸಿ, ತಾವು ನಿಂತೇ ತೀರ್ಪು ಓದಿದರು. “ನಮ್ಮನೆಗೆ ಮೆಟ್ಟಿಲಿಲ್ಲ. ಹಗಲಿಗೊಬ್ಳು, ರಾತ್ರಿಗೊಬ್ಳು ನರ್ಸ್ ಇಡ್ತೀನಿ. ಇವಳನ್ನ ನಾನು ಕರ್ಕೊಂಡು ಹೋಗ್ತೀನಿ. ನೀವು ಭಾನುವಾರ ಬಂದು ನೋಡ್ಕೊಂಡು ಹೋಗಿ.”

“ನಾನೇನು ಬಟ್ಟೆ ಗಂಟಾ ಅಕ್ಕಾ, ಅಲ್ಲಿಂದ ಎತ್ತಿ ಇಲ್ಲಿ ಇಡೋಕೆ?” ಎಂದಳು ಇವಳು. “ಇಲ್ಲಿ ಕೆಳಗಡೆ ಮೆಷಿನ್ ಸದ್ದು ಕೇಳುತ್ತೆ. ಆ ಸದ್ದಿಲ್ಲದ ಮನೇಲಿ ನನಗೆ ದಿನ ಕಳೆಯಲ್ಲ.”

ಅದು ನಿಜ. ನಮ್ಮ ಮನೆಯ ಕೆಳಗೇ ನನ್ನ ಟೈಲರಿಂಗ್ ಅಂಗಡಿ. ಮದುವೆಯಾದಾಗಿನಿಂದ ನನ್ನ ಪಕ್ಕದಲ್ಲಿ ಕೂತು ಕಾಜ ಹೊಲಿದು ಗುಂಡಿ ಹಾಕಿದವಳು. ಈಗ ಮಂಚದ ಮೇಲೆ ಮಲಗಿ ಸದ್ದಿನಲ್ಲೇ ಎಲ್ಲ ಹೇಳುತ್ತಾಳೆ. “ಇವತ್ತು ದಪ್ಪ ಬಟ್ಟೆ ಕೂರಿಸಿದ್ರಿ, ಎರಡು ಸಲ ಸೂಜಿ ಮುರೀತು, ಒಂದು ಸಲ ಬೈದ್ರಿ” ಎಂದು ವರದಿ ಒಪ್ಪಿಸುತ್ತಾಳೆ.

ಅತ್ತಿಗೆ ಅರ್ಧ ಮಣಿದರು. “ಸರಿ. ಆದ್ರೆ ಇನ್ನೊಂದ್ಸಲ ಬೀಳ್ಸಿದ್ರಿ ಅಂದ್ರೆ ಮಾತಿಲ್ಲ. ಕಾರು ತಗೊಂಡೇ ಬರ್ತೀನಿ.”

ಇವತ್ತು ಬೆಳಿಗ್ಗೆ ಫಿಸಿಯೋಥೆರಪಿಯವರು ಬಂದು ಎತ್ತುವ ಕ್ರಮ ಹೇಳಿಕೊಟ್ಟರು. ಬಗ್ಗುವುದು ಮಂಡಿಯಲ್ಲಿ, ಬೆನ್ನಿನಲ್ಲಲ್ಲ. ಎತ್ತುವಾಗ ಎದೆಗೆ ಒತ್ತಿಕೊಳ್ಳಬೇಕು, ದೂರ ಹಿಡಿದಷ್ಟೂ ಭಾರ. ಒತ್ತಿಕೊಳ್ಳಲು ಹೋದೆ. ಗಂಡ ಹೆಂಡಿರ ನಡುವೆ ಬರಬಾರದವನು ಬಂದಿದ್ದ: ನನ್ನ ಹೊಟ್ಟೆ. ಮೆಷಿನ್ನಿನ ಮುಂದೆ ಕೂತೂ ಕೂತೂ ಸಾಕಿದ್ದು. ಫಿಸಿಯೋದವರು ಮರ್ಯಾದಸ್ಥರು, ಗೋಡೆಯ ಕಡೆ ನೋಡಿದರು.

ಫೆಬ್ರವರಿ ೫, ಬುಧವಾರ

ಜಿಮ್ಮಿಗೆ ಸೇರಿದೆ. ಬಾಗಿಲಲ್ಲಿದ್ದ ಹುಡುಗಿ ನನ್ನ ಕತ್ತಿನಲ್ಲಿ ನೇತಾಡುತ್ತಿದ್ದ ಟೇಪು ನೋಡಿ “ಟೈಲರ್ ಅಂಗಡಿ ಪಕ್ಕದ ಬೀದೀಲಿದೆ ಅಂಕಲ್” ಎಂದಳು. ಗೊತ್ತಮ್ಮ, ಆ ಅಂಗಡಿ ನನ್ನದೇ ಎಂದು ಹೇಳಿ ಒಳಗೆ ಹೋದೆ.

ಅಲ್ಲಿಯ ತರಬೇತುದಾರರು ಹಿಂದೆ ಭಾರ ಎತ್ತುವ ಸ್ಪರ್ಧೆಗಳಿಗೆ ಹೋಗುತ್ತಿದ್ದವರು. ಎಲ್ಲರೂ ಕಬ್ಬಿಣದಣ್ಣ ಎನ್ನುತ್ತಾರೆ. ಕತ್ತು ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿದೆ. ಅಂಥವರಿಗೆ ಕಾಲರ್ ಕೂರಿಸುವವನ ಪಾಡು ದೇವರಿಗೇ ಪ್ರೀತಿ.

“ಏನಾಗ್ಬೇಕು ಟೈಲರ್ ಸಾರ್? ತೆಳ್ಳಗಾಗ್ಬೇಕಾ, ಗಟ್ಟಿಯಾಗ್ಬೇಕಾ?”

“ಎರಡೂ.”

“ಎಲ್ರೂ ಹಾಗೇ ಅಂತಾರೆ. ಯಾಕೆ, ಕನ್ನಡೀಲಿ ಚೆನ್ನಾಗಿ ಕಾಣ್ಬೇಕಾ?”

“ಹೆಂಡ್ತೀನ ಎತ್ಬೇಕು. ಕಾಲು ಬರಲ್ಲ ಅವಳಿಗೆ.”

ಅವರ ಮುಖದಲ್ಲಿದ್ದ ತಮಾಷೆ ಒಳಗೆ ಹೋಯಿತು. “ತೂಕ ಎಷ್ಟು ಸಾರ್?”

“ಐವತ್ತೆಂಟು ಕಿಲೋ. ನಾನು ಹೇಳ್ದೆ ಅಂತ ಎಲ್ಲೂ ಬಾಯಿ ಬಿಡ್ಬೇಡಿ.”

ಆಮೇಲೆ ಪಾಠ ನಡೆಯಿತು. ಹಸಿದುಕೊಂಡು ಕೂತರೆ ಕೊಬ್ಬಿನ ಜೊತೆ ಸ್ನಾಯುವೂ ಕರಗಿ ಹೋಗುತ್ತದಂತೆ. ಊಟ ಸ್ವಲ್ಪವೇ ಕಮ್ಮಿ ಮಾಡಬೇಕು, ಅದರಲ್ಲೂ ಮೊಟ್ಟೆ, ಕಾಳು, ಮೊಸರು ಜಾಸ್ತಿ ಇರಬೇಕು. ಭಾರ ಎತ್ತಬೇಕು. ವಾರ ಕಳೆದಂತೆ ಭಾರ ಏರಿಸಬೇಕು. ಚೆನ್ನಾಗಿ ನಿದ್ದೆ ಮಾಡಬೇಕು. ಸ್ನಾಯು ಬೆಳೆಯುವುದು ಎತ್ತುವಾಗ ಅಲ್ಲ, ಮಲಗಿದಾಗ.

ನನಗೆ ತಕ್ಷಣ ಅರ್ಥವಾಯಿತು. ಇದು ಒಂದೇ ಕೋಟನ್ನು ಸೊಂಟದಲ್ಲಿ ಹಿಡಿದು ಬಿಗಿ ಮಾಡಿ, ಭುಜದಲ್ಲಿ ಬಿಟ್ಟು ಸಡಿಲ ಮಾಡುವ ಕೆಲಸ. ಗಿರಾಕಿಗಳು ದಿನಾ ಕೇಳುತ್ತಾರೆ, ನಾನು ದಿನಾ ಗೊಣಗುತ್ತೇನೆ. ಹಿಡಿಯುವುದು ಸುಲಭ. ಬಿಡಬೇಕಾದರೆ ಒಳಗೆ ಬಟ್ಟೆ ಇರಬೇಕಲ್ಲ?

ಕಬ್ಬಿಣದಣ್ಣ ಒಂದು ಚೀಲಕ್ಕೆ ಮರಳು ತುಂಬಿ ಬೆಂಚಿನ ಮೇಲೆ ಮಲಗಿಸಿದರು. ಮೂವತ್ತು ಕಿಲೋ. “ಇದನ್ನ ಈ ಬೆಂಚಿಂದ ಆ ಬೆಂಚಿಗೆ ಇಡಿ. ಸ್ವಲ್ಪ ಸ್ವಲ್ಪ ಮರಳು ಹಾಕ್ತಾ ಹೋಗೋಣ. ಐವತ್ತೆಂಟಕ್ಕೆ ಬಂದ ದಿನ ನೀವು ಗೆದ್ರಿ.”

ಫೆಬ್ರವರಿ ೧೭, ಸೋಮವಾರ

ಮೈಯೆಲ್ಲ ನೋವು. ನನಗೆ ಇಷ್ಟೊಂದು ಸ್ನಾಯುಗಳಿದ್ದವು ಎಂದು ಈಗ ಒಂದೊಂದೇ ಕೂಗಿ ಹೇಳುತ್ತಿವೆ. ಕತ್ತರಿ ಹಿಡಿಯಲು ಆಗದೆ ಗಿರಾಕಿಯೊಬ್ಬರಿಗೆ “ಬಟ್ಟೆ ಇನ್ನೂ ಒಂದು ವಾರ ಯೋಚನೆ ಮಾಡ್ಲಿ” ಎಂದೆ.

ಹೆಂಡತಿಗೆ ಇದೆಲ್ಲ ಮೋಜು. ನಾನು ಮಂಡಿ ಬಗ್ಗಿಸುವಾಗ “ಕಟಕ್” ಎಂದು ಬಾಯಲ್ಲೇ ಸದ್ದು ಮಾಡುತ್ತಾಳೆ. ಎತ್ತುವಾಗ ನನ್ನ ಮುಖ ಟೊಮೇಟೊ ಆಗುತ್ತದಂತೆ. ಆದರೂ ಬೀಳಿಸಿಲ್ಲ. ಎಲ್ಲೂ, ಒಂದು ಸಲವೂ.

ಮಾರ್ಚ್ ೨, ಭಾನುವಾರ

ಟೇಪು ಸುಳ್ಳು ಹೇಳುವುದಿಲ್ಲ, ಹಿಡಿಯುವವನು ಹೇಳಬಹುದು. ಉಸಿರು ಎಳೆದುಕೊಳ್ಳದೆ, ಪ್ರಾಮಾಣಿಕವಾಗಿ, ಅಳತೆ ತೆಗೆದುಕೊಂಡೆ. ಸೊಂಟ ಒಂದೂವರೆ ಇಂಚು ಇಳಿದಿದೆ. ಪ್ಯಾಂಟನ್ನು ನಾನೇ ಹಿಡಿದು ಹೊಲಿದುಕೊಂಡೆ. ಗಿರಾಕಿ ತುಂಬ ತಕರಾರಿನವನು.

ಜಿಮ್ಮಿನ ಚೀಲ ನಲವತ್ತಕ್ಕೆ ಬಂತು. ಮನೆಯಲ್ಲಿ ಹೆಂಡತಿಯನ್ನು ಎತ್ತುವುದೂ ಹಿಂದಿನ ಹಾಗಿಲ್ಲ, ಎದೆಗೆ ಸರಿಯಾಗಿ ಒತ್ತಿಕೊಳ್ಳಲು ಬರುತ್ತದೆ. ಎಷ್ಟೋ ವರ್ಷಗಳ ಮೇಲೆ ಅವಳ ಕೂದಲಿನ ವಾಸನೆ ಇಷ್ಟು ಹತ್ತಿರ. ಇದನ್ನು ಕಬ್ಬಿಣದಣ್ಣನಿಗೆ ಹೇಳಲಿಲ್ಲ.

ಮಾರ್ಚ್ ೧೯, ಬುಧವಾರ

ಊಟದ ವಿಷಯದಲ್ಲಿ ಹೆಂಡತಿ ಕಬ್ಬಿಣದಣ್ಣನಿಗಿಂತ ಕಟ್ಟುನಿಟ್ಟು. ಬೇಯಿಸಿದ ಮೊಟ್ಟೆಯನ್ನು ಇಬ್ಬರಿಗೂ ಇಡುತ್ತೇನೆ. ಅವಳು ತನ್ನ ತಟ್ಟೆಯನ್ನು ಮೊಣಕೈಯಲ್ಲಿ ನನ್ನ ಕಡೆ ತಳ್ಳುತ್ತಾಳೆ.

“ತಿನ್ರೀ. ನಿಮ್ಮ ತೋಳಿಗೆ ಹೋಗ್ಲಿ. ಮಲಗಿರೋ ನನಗ್ಯಾಕೆ?”

“ನಿನಗೆ ಬೇಡ್ವೇನೇ?”

“ನೀವು ಬರೋಕೆ ಮುಂಚೆ ಬ್ರೆಡ್ಡು ತಿಂದೆ. ಎತ್ತೋರು ನೀವು, ನಾನಲ್ಲ.”

ತರ್ಕ ಸರಿಯಾಗಿದೆ. ತಿಂದೆ. ಎರಡು ಪಾಲು ತಿನ್ನುವಾಗ ಸ್ವಲ್ಪ ನಾಚಿಕೆಯಾಗುತ್ತದೆ, ಆದರೆ ನಾನು ತಿನ್ನುವುದನ್ನು ಅವಳು ಅಷ್ಟು ಖುಷಿಯಿಂದ ನೋಡುತ್ತಾಳೆ. ಮದುವೆಯಾದ ಹೊಸದರಲ್ಲೂ ಹೀಗೆ ನೋಡಿರಲಿಲ್ಲ.

ಏಪ್ರಿಲ್ ೬, ಭಾನುವಾರ

ಅತ್ತಿಗೆಯಿಂದ ತಪಾಸಣೆ. ಹೇಳದೆ ಬಂದರು, ಅಧಿಕಾರಿಗಳು ಹಾಗೇ ಬರುವುದು. ನಾನು ಸಿದ್ಧನಾಗಿದ್ದೆ. ಮಂಡಿ ಬಗ್ಗಿಸಿ, ಎದೆಗೊತ್ತಿ, ಒಂದೇ ಉಸಿರಿನಲ್ಲಿ ಹೆಂಡತಿಯನ್ನು ಎತ್ತಿದೆ. ಕುರ್ಚಿಗೆ ಇಳಿಸಬೇಕಿತ್ತು, ಇಳಿಸಲಿಲ್ಲ. ಅವಳನ್ನು ಎತ್ತಿಕೊಂಡೇ ಕೋಣೆಯಲ್ಲಿ ಒಂದು ಸುತ್ತು ಹಾಕಿ, ಕಿಟಕಿಯ ಹತ್ತಿರ ನಿಂತು ಬೀದಿ ತೋರಿಸಿ, ಅತ್ತಿಗೆಯ ಮುಂದೆ ಬಂದು ಬಗ್ಗಿ ನಮಸ್ಕರಿಸಿದೆ.

“ಹೇಗಿದೆ ಅತ್ತಿಗೆ?”

ಅವರು ನನ್ನನ್ನು ನೋಡಲಿಲ್ಲ. ತಂಗಿಯನ್ನೇ ನೋಡುತ್ತಿದ್ದರು. “ಇವಳು ಊಟ ಮಾಡ್ತಾಳಾ?” ಎಂದರು.

“ಮಾಡ್ತೀನಕ್ಕಾ, ಚೆನ್ನಾಗೇ ಮಾಡ್ತೀನಿ,” ಎಂದು ಇವಳು ನನ್ನ ಭುಜದಿಂದಲೇ ಉತ್ತರ ಕೊಟ್ಟಳು. “ನೋಡಿದ್ಯಾ ಅವರ ತೋಳು? ಮುಟ್ಟಿ ನೋಡು ಬೇಕಾದ್ರೆ.”

ಅತ್ತಿಗೆ ಅಡುಗೆಮನೆಗೆ ಹೋದರು. ನೀರು ಕುಡಿಯಲು ಅಷ್ಟು ಹೊತ್ತು ಬೇಕೇ? ಬಂದಾಗ ಕಣ್ಣು ಕೆಂಪಗಿತ್ತು. ಸೋತವರಿಗೆ ಹಾಗೆ ಆಗುತ್ತದೆ. ನಾನು ದೊಡ್ಡ ಮನಸ್ಸು ಮಾಡಿ ಗೆದ್ದ ವಿಷಯ ಎತ್ತಲಿಲ್ಲ. ಹೋಗುವಾಗ ಕಾರಿನ ಮಾತು ಅವರೂ ಎತ್ತಲಿಲ್ಲ. ಬಾಗಿಲಲ್ಲಿ ಮಾತ್ರ ಕೇಳಿದರು, “ಡಾಕ್ಟ್ರಿಗೆ ತೋರ್ಸಿ ಎಷ್ಟು ದಿನ ಆಯ್ತು?” ಒಳಗಿನಿಂದ ಇವಳೇ ಕೂಗಿದಳು, “ಮುಂದಿನ ತಿಂಗಳು ಹೋಗ್ತೀವಕ್ಕಾ! ಸುಮ್ನಿರು!”

ಕೂಗಿದ ಮೇಲೆ ತುಂಬ ಕೆಮ್ಮಿದಳು.

ಏಪ್ರಿಲ್ ೨೨, ಮಂಗಳವಾರ

ಕಬ್ಬಿಣದಣ್ಣನಿಗೂ ನನಗೂ ವಾದ. ಚೀಲ ನಲವತ್ತೈದಕ್ಕೆ ನಿಂತುಬಿಟ್ಟಿದೆ. ಮೂರು ವಾರವಾಯಿತು, ಅಲ್ಲಿಂದ ಮೇಲೆ ಒಂದು ಹಿಡಿ ಮರಳು ಹಾಕಿದರೂ ಚೀಲ ಬೆಂಚು ಬಿಡುವುದಿಲ್ಲ.

“ನಿದ್ದೆ ಮಾಡ್ತಿಲ್ಲ ನೀವು,” ಎಂದರು.

“ರಾತ್ರಿ ಅವಳನ್ನ ಮಗ್ಗಲು ಬದಲಾಯಿಸ್ಬೇಕಲ್ಲ.”

“ಅದಕ್ಕೇ ಸ್ನಾಯು ಏರ್ತಿಲ್ಲ. ಹೊಟ್ಟೆ ಇಳಿದಿದೆ, ಅದು ಸರಿ. ಬಲ ಮಾತ್ರ ಮಾರ್ಚ್ ಕೊನೇಲಿ ಎಲ್ಲಿತ್ತೋ ಅಲ್ಲೇ ಇದೆ.”

“ಅದ್ಹೇಗೆ? ಮನೇಲಿ ಐವತ್ತೆಂಟನ್ನ ಹೂವಿನ ಹಾಗೆ ಎತ್ತುತ್ತೀನಲ್ಲ! ಮೊನ್ನೆ ಕೋಣೆ ತುಂಬ ಓಡಾಡ್ಸಿದೆ.”

ಅವರು ಚೀಲದ ಬಾಯಿಯ ಹಗ್ಗವನ್ನು ಬಿಚ್ಚಿ ಕಟ್ಟಿದರು. ಮತ್ತೆ ಬಿಚ್ಚಿ ಕಟ್ಟಿದರು. ಉತ್ತರ ಇಲ್ಲದವರು ಹೀಗೇ ಕೈಗೆ ಕೆಲಸ ಕೊಡುತ್ತಾರೆ. ನಾನೇ ವಿವರಿಸಿದೆ: ಮರಳು ಸಹಕರಿಸುವುದಿಲ್ಲ, ಹೆಂಡತಿ ಸಹಕರಿಸುತ್ತಾಳೆ. ಚೀಲಕ್ಕೆ ಕತ್ತು ತಬ್ಬಿಕೊಳ್ಳಲು ಬರುತ್ತದೆಯೇ?

“ಇಲ್ಲ ಸಾರ್,” ಎಂದರು. “ನಾಳೆ ರಜೆ ತಗೊಳ್ಳಿ. ಮನೇಲಿರಿ.”

ಮೇ ೯, ಶುಕ್ರವಾರ

ಅವಳ ಗೌನುಗಳೆಲ್ಲ ಸಡಿಲವಾಗಿವೆ. ಭುಜ ಜಾರಿ ತೋಳಿನ ಮೇಲೆ ಬರುತ್ತದೆ. ನಾಲ್ಕನ್ನೂ ಹಿಡಿದೆ. ಕಳೆದ ತಿಂಗಳು ಹಿಡಿದದ್ದರ ಒಳಗೇ ಮತ್ತೊಂದು ಹೊಲಿಗೆ ಬಿತ್ತು. ಬಟ್ಟೆ ಒಗೆದರೆ ಕುಗ್ಗುತ್ತದೆ ಎಂದು ಇಷ್ಟು ವರ್ಷ ಗಿರಾಕಿಗಳಿಗೆ ಹೇಳಿಕೊಂಡು ಬಂದವನು ನಾನು. ಇದು ಹಿಗ್ಗುವ ಜಾತಿ. ಗಿರಣಿಯವರು ಈಗೀಗ ನೂಲಿಗೆ ಏನು ಬೆರೆಸುತ್ತಾರೋ. ಈ ಬಟ್ಟೆ ಇನ್ನು ತರಿಸಬಾರದು.

ಮೇ ೨೫, ಭಾನುವಾರ

ಡಾಕ್ಟರ ಹತ್ತಿರ ಹೋಗೋಣ ಎಂದೆ. “ಮುಂದಿನ ವಾರ” ಎಂದಳು. ಮಾತು ನಿಧಾನವಾಗಿದೆ, ನಾಲಿಗೆ ದಪ್ಪವಾದಂತೆ. ಸೂಪು ಮಾಡಿದ್ದೆ. ಎರಡು ಚಮಚ ಆಗುವಷ್ಟರಲ್ಲಿ ನೆತ್ತಿಗೆ ಹತ್ತಿತು. ಮುಖ ನೀಲಿಯಾಗಿ ಮತ್ತೆ ಬಣ್ಣ ಬರುವವರೆಗೆ ಬೆನ್ನು ಸವರಿದೆ.

“ಖಾರ ಹಾಕಿದೀರಿ,” ಎಂದಳು.

ಖಾರ ಹಾಕಿರಲಿಲ್ಲ. ಜಗಳವಾಡಲು ಮನಸ್ಸಾಗಲಿಲ್ಲ. ಉಳಿದ ಸೂಪು ನಾನು ಕುಡಿದೆ. ನಾನು ಕುಡಿಯುವುದನ್ನು ನೋಡುತ್ತಾ ಮಲಗಿದಳು.

ಜೂನ್ ೧೦, ಮಂಗಳವಾರ

ಅಂಗಡಿ ನೋಡಬೇಕು ಎಂದಳು. ಕಾಲು ಹೋದ ಮೇಲೆ ಅಂಗಡಿಗೆ ಒಂದು ಸಲವೂ ಬಂದಿಲ್ಲ. “ಧೂಳು ಎಷ್ಟು ಕೂತಿದೆ ನೋಡ್ತೀನಿ. ನಿಮ್ಮನ್ನ ನಂಬೋಕಾಗಲ್ಲ.”

ಎತ್ತಿಕೊಂಡು ಇಳಿದೆ. ನಮ್ಮ ಮೆಟ್ಟಿಲು ಕಿರಿದು, ತಿರುವು ಬೇರೆ. ಎಲ್ಲೂ ನಿಲ್ಲಲಿಲ್ಲ. ಮೇಲಿನ ಮನೆಯ ಅಜ್ಜಿ ಎದುರಿಗೆ ಬಂದವರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. “ಏನಪ್ಪಾ ಶಕ್ತಿ ನಿಂದು!” ಎಂದರು. ನಾನು ಉಬ್ಬಿಹೋದೆ. ಬಾಗಿಲನ್ನು ಕಾಲಲ್ಲಿ ತಳ್ಳಿ ಒಳಗೆ ಬಂದು ದೀಪ ಹಾಕಿದೆ, ಅವಳನ್ನು ಒಂದೇ ತೋಳಲ್ಲಿ ಹಿಡಿದುಕೊಂಡು.

ಒಂದೇ ತೋಳಲ್ಲಿ.

ಎದುರಿಗೆ ಗಿರಾಕಿಗಳು ಬಟ್ಟೆ ಹಾಕಿ ನೋಡಿಕೊಳ್ಳುವ ಉದ್ದ ಕನ್ನಡಿ. ಅದರಲ್ಲಿ ನೋಡುವಾಗ ನನಗೆ ಮುಖ ಕಾಣುವುದಿಲ್ಲ, ಅಳತೆ ಕಾಣುತ್ತದೆ. ಕಸುಬಿನ ಚಟ. ಗಿರಾಕಿ ಹೊಸಬನಾದರೂ ಟೇಪು ಇಡುವ ಮೊದಲೇ ಭುಜ ಎಷ್ಟು, ಸೊಂಟ ಎಷ್ಟು, ತೋಳು ಎಷ್ಟು ಎಂದು ಒಳಗೆ ಯಾರೋ ಹೇಳಿಬಿಡುತ್ತಾರೆ. ಇವತ್ತೂ ಹೇಳಿದರು.

ಅವಳದು ಶಾಲೆಯ ಯೂನಿಫಾರ್ಮು ಹೊಲಿಸಲು ಬರುವ ಮಕ್ಕಳ ಅಳತೆ.

ಕತ್ತರಿಸುವ ಮೇಜಿನ ಮೇಲೆ ಕೂರಿಸಿ ಹಿಡಿದುಕೊಂಡೆ. ಅವಳೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

“ಗೊತ್ತಾಯ್ತಾ?” ಎಂದಳು.

“ಯಾವಾಗಿಂದ ನುಂಗೋಕೆ ಆಗ್ತಿಲ್ಲ?”

“ಮಾರ್ಚಿಂದ ಕಷ್ಟ.”

“ಮೊಟ್ಟೆ ನನಗೆ ಕೊಡ್ತಿದ್ಯಲ್ಲ.”

“ಬಿಸಾಕೋಕಾಗುತ್ತಾ?” ಸ್ವಲ್ಪ ಉಸಿರು ತೆಗೆದುಕೊಂಡು, ಉಳಿದದ್ದನ್ನು ತಡೆದು ತಡೆದು ಹೇಳಿದಳು. “ಹೇಳಿದ್ರೆ ನೀವು ಅಕ್ಕಂಗೆ ಹೇಳ್ತಿದ್ರಿ. ಅಕ್ಕ ಕರ್ಕೊಂಡು ಹೋಗ್ತಿದ್ಲು. ಅದಲ್ದೆ ನೀವು ದಿನಾ ಮೇಲೆ ಬಂದು ಎತ್ತಿ, ‘ನೋಡೇ, ಇವತ್ತು ಇನ್ನೂ ಸುಲಭ’ ಅಂತಿದ್ರಿ. ಎಷ್ಟು ಜಂಬ ನಿಮಗೆ. ಅದನ್ನ ನಾನು ಹ್ಯಾಗೆ ಕೆಡಿಸ್ಲಿ?”

ನನ್ನ ತೋಳುಗಳಲ್ಲಿ ಬೆಳೆದದ್ದು ಏನು ಎಂದು ಈಗ ಗೊತ್ತು. ಅವಳ ಪಾಲಿನದು.

ಧೂಳಿದೆ ಎಂದಳು. ಮೆಷಿನ್ನು ಒರೆಸಿದೆ. ಸುಮ್ಮನೆ, ಬಟ್ಟೆ ಇಲ್ಲದೆ, ಸ್ವಲ್ಪ ಹೊತ್ತು ಓಡಿಸಿ ಎಂದಳು. ಒಂದು ಕೈ ಅವಳ ಬೆನ್ನಿಗಿಟ್ಟು ಓಡಿಸಿದೆ.

ಜೂನ್ ೧೧, ಬುಧವಾರ

ಅತ್ತಿಗೆಗೆ ನಾನೇ ಫೋನು ಮಾಡಿದೆ. ಎಲ್ಲ ಹೇಳಿದೆ. ಮೊಟ್ಟೆಯದೂ. “ಕಾರು ತನ್ನಿ,” ಎಂದೆ.

ಹೆಂಡತಿ ಕೇಳಿಸಿಕೊಂಡು ಗೋಡೆಯ ಕಡೆ ಮುಖ ಮಾಡಿದಳು. ತಿರುಗಿಸಲು ಅವಳಿಂದ ಆಗುವುದು ಅಷ್ಟೇ, ಮುಖ.

ಜೂನ್ ೧೩, ಶುಕ್ರವಾರ

ಮೂವರೂ ಆಸ್ಪತ್ರೆಗೆ ಹೋಗಿದ್ದೆವು. ತೂಕ ನೋಡಿದರು. ಸಂಖ್ಯೆ ಬರೆಯುವುದಿಲ್ಲ. ಹೊಟ್ಟೆಗೆ ನಳಿಕೆ ಇಟ್ಟು ಆಹಾರ ಕೊಡಬಹುದಿತ್ತಂತೆ. ಏಪ್ರಿಲ್‌ನಲ್ಲಿ ಬಂದಿದ್ದರೆ ಸುಲಭವಿತ್ತಂತೆ. ಈಗ ಉಸಿರಿನ ಸ್ನಾಯುಗಳೂ ಸೋತಿವೆ, ಆಪರೇಷನ್ ಮೇಜಿನ ಮೇಲೆ ಮಲಗಿಸಿದರೆ ಏಳುವ ಭರವಸೆ ಇಲ್ಲ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಬೇಡ,” ಎಂದಳು ಇವಳು. ಅದೊಂದು ಮಾತು ಸ್ಪಷ್ಟವಾಗಿ ಬಂತು.

ಹೊರಗೆ ಬಂದ ಮೇಲೆ ಅತ್ತಿಗೆ ಕಾರಿನ ಹಿಂದಿನ ಬಾಗಿಲು ತೆಗೆದರು. ನಾನು ಅವಳನ್ನು ಒಳಗೆ ಕೂರಿಸಿ ಹೊರಗೇ ನಿಂತೆ. ಭಾನುವಾರದ ಗಿರಾಕಿ ನಾನು ಇನ್ನು ಮೇಲೆ.

“ನಿಂತ್ಕೊಂಡಿದೀರಲ್ಲ, ಹತ್ತಿ,” ಎಂದರು ಅತ್ತಿಗೆ.

“ನಿಮ್ಮನೆಗಾ?”

“ನಿಮ್ಮನೆಗೆ. ನನ್ನ ಬಟ್ಟೆ ಡಿಕ್ಕೀಲಿದೆ. ಇವಳು ಎಲ್ಲೂ ಬರಲ್ಲ, ನಾನೇ ಬರ್ತೀನಿ. ನಂಗೆ ಮೆಷಿನ್ ಸದ್ದು ಆಗಲ್ಲ, ತಲೆ ನೋಯುತ್ತೆ. ಕಿವಿಗೆ ಹತ್ತಿ ಇಟ್ಕೋತೀನಿ. ಬೇಗ ಹತ್ತಿ, ಹಿಂದಿನ ಗಾಡಿ ಹಾರನ್ ಬಡ್ಕೊಳ್ತಿದೆ.”

ಜೂನ್ ೨೦, ಶುಕ್ರವಾರ

ಜಿಮ್ಮಿಗೆ ಹೋಗುವುದು ಬಿಟ್ಟೆ. ಅತ್ತಿಗೆ ಏನನ್ನೋ ನುಣ್ಣಗೆ ಅರೆದು, ಹಾಲಿನಷ್ಟು ತೆಳ್ಳಗೆ ಮಾಡಿ, ಗಲ್ಲ ಬಗ್ಗಿಸಿ, ಸಣ್ಣ ಚಮಚದಲ್ಲಿ ಕೊಡುತ್ತಾರೆ. ಒಂದು ಬಟ್ಟಲಿಗೆ ಮಧ್ಯಾಹ್ನ ಕಳೆಯುತ್ತದೆ. ನಾನು ಅಡುಗೆಮನೆಯಲ್ಲಿ, ಬೆನ್ನು ಮಾಡಿಕೊಂಡು ತಿನ್ನುತ್ತೇನೆ.

ನಿನ್ನೆ ಎತ್ತುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕುರ್ಚಿಯಲ್ಲಿ ಕೂರಿಸಿದ ಮೇಲೆ, “ನಾನು ಅಷ್ಟು ಹಗುರಾನಾ?” ಎಂದಳು. ನಾನು ಕೆಳಗೆ ಅಂಗಡಿಗೆ ಬಂದುಬಿಟ್ಟೆ.

ಇವತ್ತು ಸಂಜೆ ಕುರ್ಚಿಯಿಂದ ಮಂಚಕ್ಕೆ ಎತ್ತಬೇಕಿತ್ತು. ಮಂಡಿ ಬಗ್ಗಿಸಿದೆ, ದೊಡ್ಡದಾಗಿ ಉಸಿರು ಎಳೆದುಕೊಂಡೆ. ಎದೆಗೊತ್ತಿ ಎದ್ದೆ, “ಅಮ್ಮಾ!” ಎಂದೆ. ಮುಖ ಬಿಗಿ ಹಿಡಿದೆ. ಬಹುಶಃ ಟೊಮೇಟೊ ಆಗಿತ್ತು.

“ಏನಾಯ್ತು?” ಎಂದಳು.

“ಎಷ್ಟು ಭಾರ ಮಾರಾಯ್ತಿ ನೀನು! ನಿಮ್ಮಕ್ಕ ಅದೇನು ತಿನ್ನಿಸ್ತಿದಾರೆ?”

ಅವಳ ಕಣ್ಣು ಸಣ್ಣಗಾಯಿತು. ನಂಬಲಿಲ್ಲ. ಆದರೂ ತುಟಿಯ ಒಂದು ಮೂಲೆ ಮೇಲೆ ಹೋಯಿತು.

“ವ್ಯಾಯಾಮ… ಬಿಟ್ರಲ್ಲ… ಅದಕ್ಕೆ.”

“ಇರು, ಕೈ ಸೋತಿದೆ. ಇಲ್ಲೇ ಕೆಳಗಿಳ್ಸಿ ಒಂಚೂರು ಸುಧಾರಿಸ್ಕೋತೀನಿ.”

“ಇಳಿಸ್ಬೇಡಿ,” ಎಂದಳು. “ಹೀಗೇ… ಸುಧಾರಿಸ್ಕೊಳ್ಳಿ.”

ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ತೊಳೆಯುತ್ತಿದ್ದರು. ಅದು ಮುಗಿಯುವವರೆಗೂ ಕೋಣೆಯ ನಡುವೆ ನಿಂತೆ.